ಎಲೆ ಹಿಡಿದವರು, ಬಾಗಿಲ ಬಳಿಯ ಕುರ್ಚಿ

ನಮ್ಮ ಪಕ್ಷದ ಜಿಲ್ಲಾ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ಮನೆಗೆ ಬಂದಿದ್ದಳು. ಚಹಾ ಕುಡಿದಳು, ನನ್ನ ಮೊಣಕಾಲು ನೋವು ವಿಚಾರಿಸಿದಳು, ಆಮೇಲೆ, ನಮ್ಮ ಕಡೆ ಹಿರಿಯ ಹೆಂಗಸರನ್ನು ಕರೆಯುವ ಹಾಗೆ ಬಾಯಿ ಎಂದು ಕರೆದು, ಮೆಲ್ಲಗೆ ಕೇಳಿದಳು: "ಬಾಯಿ, ಅಧಿವೇಶನ ಇದ್ದಾಗೆಲ್ಲಾ ನೀವು ಬಾಗಲ ಹಂತೇಲಿ ಒಂದು ಕುರ್ಚಿ ಜಾಸ್ತಿ ಹಾಕ್ತಿದ್ರಂತ. ಯಾರೂ ಅದರ ಮ್ಯಾಲ ಕೂಡ್ತಿರಲಿಲ್ಲಂತ. ಅದು ಯಾರ ಸಲುವಾಗಿರಿ?"

ಬಾಯಿಮಾತಿನಲ್ಲಿ ಹೇಳಲು ಹೋದೆ. ಆಗಲಿಲ್ಲ. ಅದಕ್ಕೆ ಬರೆಯಲು ಕೂತಿದ್ದೇನೆ. ಅವಳಿಗಷ್ಟೇ ಅಲ್ಲ, ಪಕ್ಷದ ಕಚೇರಿಯ ಕೆಲಸವೆಂದರೆ ಬ್ಯಾನರ್ ಕಟ್ಟಿಸುವುದು, ಫೋಟೋ ಕಳಿಸುವುದು ಎಂದು ತಿಳಿದು ಬರುವ ಎಲ್ಲ ಹುಡುಗ ಹುಡುಗಿಯರಿಗೂ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ನಾಯಕರು ನನ್ನ ಹೆಸರು ಹಿಡಿದು ಕರೆದರು ಎಂಬುದನ್ನು ಬರೆಯುವುದಿಲ್ಲ. ಅದು ನಮ್ಮ ಮನೆಯವರಿಗೇ ನೆನಪಿಲ್ಲ.

ಕಚೇರಿ ಹುಮನಾಬಾದಿನಲ್ಲಿ, ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಹಿಟ್ಟಿನ ಗಿರಣಿಯೊಂದರ ಮಾಳಿಗೆಯ ಮೇಲಿತ್ತು. ಗಿರಣಿ ಶುರುವಾದರೆ ಮೇಲೆ ನಡೆಯುವ ಭಾಷಣ ಕೇಳುತ್ತಿರಲಿಲ್ಲ. ಅದರಿಂದ ಯಾರಿಗೂ ನಷ್ಟವಾದದ್ದನ್ನು ನಾನು ಕಾಣೆ. ನಾನು ಸೇರಿದ್ದು ಟೈಪಿಸ್ಟ್ ಆಗಿ. ನನ್ನ ಮೇಲಿನವರು ಕಚೇರಿ ಕಾರ್ಯದರ್ಶಿ ಪಂತರು. ಮಾಣಿಕನಗರದವರು. ಬೆಳಿಗ್ಗೆ ಮಠದ ಆರತಿ ಮುಗಿಸಿ, ಹಣೆಯ ಮೇಲಿನ ಗಂಧ ಆರುವ ಮೊದಲೇ ಕಚೇರಿಯ ಬೀಗ ತೆಗೆಯುತ್ತಿದ್ದರು. ಸಿಟ್ಟು ಬಂದರೆ ಬೈಯುತ್ತಿರಲಿಲ್ಲ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತ ಕೂಡುತ್ತಿದ್ದರು. ಅಷ್ಟಕ್ಕೇ ನಮ್ಮ ಜೀವ ಹೋಗುತ್ತಿತ್ತು.

ನಮ್ಮದು ಸಣ್ಣ ಪಕ್ಷ. ಹೆಸರು ಬೇಡ. ಆದರೆ ದೊಡ್ಡ ಪಕ್ಷಗಳಲ್ಲಿ ಕಾಣದ ಒಂದು ರೂಢಿ ನಮ್ಮಲ್ಲಿತ್ತು. ಜಿಲ್ಲಾಧ್ಯಕ್ಷ ಯಾರಾಗಬೇಕು ಎಂದು ಮೇಲಿನವರು ಹೇಳುತ್ತಿರಲಿಲ್ಲ. ಊರೂರಿನ ಪ್ರತಿನಿಧಿಗಳು ಅಧಿವೇಶನದಲ್ಲಿ ಕೂಡಿ ಒಂದು ಹೆಸರು ಆರಿಸಬೇಕು, ರಾಜ್ಯ ಕಚೇರಿ ಅದಕ್ಕೆ ಮೊಹರು ಹಾಕಬೇಕು. ಹಾಜರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿದರೆ ಮಾತ್ರ ಆ ಹೆಸರು ನಿಲ್ಲುತ್ತದೆ. ಯಾರಿಗೂ ಅರ್ಧ ದಾಟದಿದ್ದರೆ ಮತ್ತೊಂದು ಸುತ್ತು, ಆಮೇಲೆ ಇನ್ನೊಂದು. ಸಂಜೆ ಐದರೊಳಗೆ ಹೆಸರು ಬಾರದೇ ಹೋದರೆ ರಾಜ್ಯ ಕಚೇರಿಯೇ ತನಗೆ ಬೇಕಾದವರನ್ನು ನೇಮಿಸಬಹುದು. ಅಕ್ಕಪಕ್ಕದ ಜಿಲ್ಲೆಗಳಲ್ಲಿ ಹಾಗೇ ಆಗಿತ್ತು. ಒಮ್ಮೆ ನೇಮಕವಾದ ಕಡೆ ಮತ್ತೆ ಅಧಿವೇಶನ ಕರೆದದ್ದೇ ಇಲ್ಲ. ಆರಿಸುವ ಹಕ್ಕು ಉಳಿದದ್ದು ನಮ್ಮಲ್ಲಷ್ಟೇ.

ಪಂತರು ನನಗೆ ಕಲಿಸಿದ್ದು ಟೈಪಿಂಗ್ ಅಲ್ಲ, ಕುರ್ಚಿ ಹಾಕುವುದು. ನಗಬೇಡಿ. ನಾನು ಹೊಸಬಳಿದ್ದಾಗ ಒಂದು ಅಧಿವೇಶನಕ್ಕೆ ತಾಲೂಕುವಾರು ಕುರ್ಚಿ ಹಾಕಿಸಿದೆ. ಹುಮನಾಬಾದಿನವರು ಎಡಕ್ಕೆ, ಬಸವಕಲ್ಯಾಣದವರು ಬಲಕ್ಕೆ. ನೋಡಲು ಬಹಳ ಚೆಂದ. ಎರಡೂ ಕಡೆಯವರು ಜಗಳವಾಡಿದ ಬೀಗರ ಹಾಗೆ ಎದುರುಬದುರು ಕೂತು, ಒಬ್ಬರ ತಲೆ ಒಬ್ಬರು ಎಣಿಸತೊಡಗಿದರು. ಮೊದಲ ಭಾಷಣ ಮುಗಿಯುವ ಹೊತ್ತಿಗೆ ಕೂಗಾಟ. ಪಂತರು ಎದ್ದು, "ಚಹಾ ಬಂದದ, ಹೊರಗ ನಡೀರಿ" ಅಂದರು. ಚಹಾ ಬಂದಿರಲಿಲ್ಲ. ಮಂದಿ ಹೊರಗೆ ಹುಡುಕುವಷ್ಟರಲ್ಲಿ ಒಳಗೆ ಕುರ್ಚಿಗಳೆಲ್ಲ ವೃತ್ತಾಕಾರವಾಗಿದ್ದವು. ತಿರುಗಿ ಬಂದವರು ಸಿಕ್ಕ ಕಡೆ ಕೂತರು, ಸಭೆ ತಣ್ಣಗಾಯಿತು. ಆ ದಿನ ಪಂತರೇ ಒಂದು ಕುರ್ಚಿ ಎತ್ತಿಕೊಂಡು ಹೋಗಿ ಬಾಗಿಲ ಬಳಿ, ಹೊರಗೆ ಹೋಗುವವರಿಗೆ ಎದುರಾಗಿ ಇಟ್ಟರು. ಯಾರಿಗೆ ಎಂದು ಕೇಳಿದೆ. "ಯಾರರೆ ಒಬ್ರು ಬರ್ತಾರ" ಅಂದರು. ಯಾರೂ ಬರಲಿಲ್ಲ. ಪಂತರು ಹೋಗಿ ಅವರ ಜಾಗಕ್ಕೆ ನಾನು ಬಂದ ಮೇಲೂ ಹಾಕುತ್ತಲೇ ಬಂದೆ. ಗುರುಗಳು ಮಾಡಿದ್ದು ಬಿಡಬಾರದು ಅಂತ, ಅಷ್ಟೇ.

ಇನ್ನೊಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಹೆಣ್ಣು ಗಂಡು ಒಪ್ಪಿದ ಮೇಲೆ ಎಲೆ ಅಡಿಕೆ ಹಿಡಿಯುತ್ತಾರಲ್ಲ, ನಮ್ಮ ಪಕ್ಷದಲ್ಲೂ ಹಾಗೆಯೇ ನಡೆದು ಬಂದಿತ್ತು. ಅಧ್ಯಕ್ಷಗಿರಿಗೆ ನಿಲ್ಲುವವನು ಊರಿಗೆ ಬಂದು ಎಲೆ ಅಡಿಕೆ ಕೊಡುತ್ತಾನೆ. ತಗೊಂಡು ಬಾಯಿಗೆ ಹಾಕಿಕೊಂಡರೆ ಮಾತು ಕೊಟ್ಟ ಹಾಗೆ. ಆ ಮಾತಿನಿಂದ ಬಿಡುಗಡೆ ಬೇಕಾದರೆ, ಕೊಟ್ಟವನೇ ಅಂಗೈ ಚಾಚಬೇಕು. ಹಿಡಿದವನು ಒಂದು ಹಸಿ ಎಲೆ ಆ ಅಂಗೈಯಲ್ಲಿಡಬೇಕು. "ಎಲಿ ವಾಪಸ್ ಆತು" ಅಂದರೆ ಮುಗಿಯಿತು, ಯಾರ ಮೇಲೆ ಯಾರದೂ ಏನೂ ಇಲ್ಲ. ಜಾತಿ ಭೇದವಿಲ್ಲದೆ ಎಲ್ಲರೂ ಇದನ್ನು ಪಾಲಿಸುತ್ತಿದ್ದರು. ಯಾವ ನಿಯಮಾವಳಿಯಲ್ಲೂ ಇದು ಇಲ್ಲ. ಕೈ ಎತ್ತಿ ಆರಿಸುವುದು ಹೋಗಿ ಚೀಟಿ ಬಂತು, ಚೀಟಿಗೆ ಪೆಟ್ಟಿಗೆ ಬಂತು, ಹಾಜರಿ ಕರೆಯಲು ಮೈಕು ಬಂತು. ಎಲೆ ಮಾತ್ರ ಇದ್ದ ಹಾಗೇ ಇತ್ತು.

ಈಗ ಆ ಅಧಿವೇಶನದ ಮಾತು.

ಅದು ಬಸವಕಲ್ಯಾಣದಲ್ಲಿ, ಮದುವೆ ಮಾಡುವ ಒಂದು ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ನನ್ನ ನಿವೃತ್ತಿಗೆ ಮೊದಲಿನ ಕೊನೆಯ ಅಧಿವೇಶನ. ಮೂವರು ನಿಂತಿದ್ದರು. ಹುಮನಾಬಾದಿನ ಶಿವಶರಣಪ್ಪ, ತೊಗರಿ ಬೇಳೆಯ ಮಿಲ್ಲಿನ ಮಾಲೀಕರು. ಮಾತು ಜೋರು, ನಡಿಗೆ ಜೋರು. "ಎಲಿ ಗಿಲಿ ಕಾಲ ಹೋತ್ರಿ ಬಾಯಿ" ಎಂದು ನಕ್ಕು, ತಮ್ಮ ಕಡೆಯವರಿಗೆಲ್ಲ ಮಿಠಾಯಿ ಡಬ್ಬಿ ಕಳಿಸಿದ್ದರು. ಎರಡನೆಯವರು ಬಸವಕಲ್ಯಾಣದ ವಕೀಲ ರಾಜಶೇಖರ. ಮೆತ್ತನೆಯ ಮನುಷ್ಯ, ಅಗತ್ಯಕ್ಕಿಂತ ಮೆತ್ತಗೆ. ಮೂರನೆಯವರು ಹುಲಸೂರ ಕಡೆಯ ಬೀರಪ್ಪ. ಕುರಿ ಕಾಯುವ ಮನೆತನ, ಹೆಗಲ ಮೇಲೆ ಕಂಬಳಿ ಇಲ್ಲದೆ ನಾನು ಅವರನ್ನು ಕಂಡಿಲ್ಲ. ಗೆಲ್ಲುವಷ್ಟು ಮಂದಿ ಅವರ ಬಳಿ ಇರಲಿಲ್ಲ. ಆದರೆ ಅವರ ಮಂದಿಯ ಬೆಂಬಲವಿಲ್ಲದೆ ಬೇರೆ ಯಾರೂ ಗೆಲ್ಲುವ ಹಾಗೂ ಇರಲಿಲ್ಲ.

ಬೆಂಗಳೂರಿನ ರಾಜ್ಯ ಕಚೇರಿಯಿಂದ ಒಬ್ಬ ವೀಕ್ಷಕರು ಬಂದಿದ್ದರು. ಬಿಳಿ ಶರ್ಟು, ಎರಡು ಫೋನು. ಬಂದ ಕೂಡಲೇ ಕೇಳಿದ್ದು, "ಐದಕ್ಕೆ ಮುಗಿಯುತ್ತಲ್ಲ ಮೇಡಂ?" ಅವರ ಮನಸ್ಸು ಶಿವಶರಣಪ್ಪನವರ ಕಡೆ ಎಂದು ಊಟದ ಎಲೆ ಹಾಕುವವರಿಗೂ ಗೊತ್ತಿತ್ತು. ಹೆಸರು ಬಾರದೇ ಹೋದರೆ ನೇಮಕ ಯಾರದಾಗುತ್ತದೆ ಎಂದೂ ಗೊತ್ತಿತ್ತು.

ಅಂದು ಬೆಳಿಗ್ಗೆಯೇ ಸುದ್ದಿ ಬಂತು. ಬೀರಪ್ಪನವರಿಗೆ ಎದೆ ಹಿಡಿದು ಹುಮನಾಬಾದಿನ ಆಸ್ಪತ್ರೆಗೆ ಸೇರಿಸಿದ್ದಾರೆ. ಮೊದಲ ಸುತ್ತು ನಡೆಯಿತು, ಯಾರಿಗೂ ಅರ್ಧ ದಾಟಲಿಲ್ಲ. ವೀಕ್ಷಕರು ಆಸ್ಪತ್ರೆಗೆ ಫೋನ್ ಹಚ್ಚಿದರು. ಮೂಲೆಗೆ ಹೋಗಿ ಮಾತಾಡಿ ಬಂದು ಮೈಕ್ ಹಿಡಿದರು.

"ಸನ್ಮಾನ್ಯ ಬೀರಪ್ಪನವರು ಸ್ಪರ್ಧೆಯಿಂದ ಹಿಂದೆ ಸರಿದಿದ್ದಾರೆ. ತಮ್ಮ ಬೆಂಬಲಿಗರೆಲ್ಲ ಶಿವಶರಣಪ್ಪನವರಿಗೆ ಮತ ಹಾಕಬೇಕು ಎಂದು ಕೇಳಿಕೊಂಡಿದ್ದಾರೆ."

ಚಪ್ಪಾಳೆ ಬಿತ್ತು. ಎರಡನೇ ಸುತ್ತಿನ ಚೀಟಿ ಬಿಡಿಸಿದೆವು. ಬೀರಪ್ಪನ ಮಂದಿ, ಒಬ್ಬರೂ ತಪ್ಪದೆ, ಮತ್ತೆ ಬೀರಪ್ಪ ಎಂದೇ ಬರೆದಿದ್ದರು.

ವೀಕ್ಷಕರ ಮುಖ ಕೆಂಪಾಯಿತು. "ಹಿಂದೆ ಸರಿದವರಿಗೆ ಮತ ಹಾಕ್ತೀರಲ್ರೀ! ಏನು ಬೇಕು ನಿಮಗೆ? ಬಾಯಿ ಬಿಟ್ಟು ಹೇಳಿ, ವ್ಯವಸ್ಥೆ ಮಾಡೋಣ."

ಆ ಮಾತು ಕೇಳಿ ನನ್ನ ಮೈ ಉರಿಯಿತು. ತುಕ್ಕಮ್ಮ ಎದ್ದು ನಿಂತಳು. ಬೀರಪ್ಪನ ಊರಿನವಳೇ, ಗಂಡ ಸತ್ತ ಮೇಲೆ ಕುರಿ ಹಿಂಡು ತಾನೇ ನಡೆಸಿದವಳು. ಸೆರಗು ಬಿಗಿದುಕೊಂಡು ಹೇಳಿದಳು:

"ನಮಗೇನೂ ಬ್ಯಾಡ್ರಿ ಸಾಹೇಬ್ರ. ನಾವು ಬೀರಪ್ಪಣ್ಣನ ಎಲಿ ತಿಂದೇವಿ. ಅವ ಬಂದು ಕೈ ಚಾಚಲಿ, ಎಲಿ ವಾಪಸ್ ಇಡ್ತೇವಿ. ಆಮ್ಯಾಲ ಯಾರಿಗಿ ಹಾಕೂದು ನಾವು ನೋಡ್ತೇವಿ."

"ಫೋನಲ್ಲೇ ಹೇಳಿದ್ದಾರಲ್ಲಮ್ಮ!"

"ಫೋನ್ನ್ಯಾಗ ಎಲಿ ಹ್ಯಾಂಗ ಇಡ್ಬೇಕ್ರಿ?"

ಕೆಲವರು ನಕ್ಕರು. ತುಕ್ಕಮ್ಮ ನಗಲಿಲ್ಲ. ಅವಳ ಸುತ್ತಲಿನವರೂ ನಗಲಿಲ್ಲ. ಬೀರಪ್ಪ ಏಳುವ ಹಾಗಿಲ್ಲ, ಇವರು ಬಿಡುವ ಹಾಗಿಲ್ಲ. ಹೀಗೆ ಎಷ್ಟು ಸುತ್ತು ಮಾಡಿದರೂ ಅರ್ಧ ಯಾರಿಗೂ ದಾಟುವುದಿಲ್ಲ. ಐದು ಹೊಡೆದರೆ ನಮ್ಮ ಹಕ್ಕು ಹೋಯಿತು. ವೀಕ್ಷಕರು ಕುರ್ಚಿಗೆ ಒರಗಿ ಕೂತರು. ಕಾಯುವುದಷ್ಟೇ ಅವರ ಕೆಲಸವಾಗಿತ್ತು, ಕಾಯತೊಡಗಿದರು.

ಪಂತರು ಇದ್ದಿದ್ದರೆ ಕನ್ನಡಕ ಒರೆಸುತ್ತಿದ್ದರು. ನನಗೆ ಅಷ್ಟು ಸಮಾಧಾನವಿಲ್ಲ. ನಾನು ವೇದಿಕೆಯ ಮೇಲೆಯೇ ಹೇಳಿದೆ: "ಬೀರಪ್ಪ ಬರೂಹಂಗಿಲ್ಲ ಅಂದ್ರ ನಾವೇ ಹೋಗೂಣು. ತುಕ್ಕಮ್ಮ, ನಿಮ್ಮ ಮಂದೀನ ಎಬ್ಬಸು."

"ಮೇಡಂ, ಸಭೆ ನಡೀತಿದೆ" ಎಂದರು ವೀಕ್ಷಕರು.

"ಊಟದ ಹೊತ್ತಾಗ್ಯದರಿ. ನೀವು ಊಟ ಮಾಡ್ರಿ" ಎಂದೆ.

ಸಾಮಾನು ತಂದಿದ್ದ ಟೆಂಪೋ ಹೊರಗೇ ನಿಂತಿತ್ತು. ಅದರಲ್ಲಿ ತುಂಬಿಕೊಂಡು ಹೆದ್ದಾರಿ ಹಿಡಿದೆವು. ಹುಮನಾಬಾದ್ ಹೊಕ್ಕಾಗ ತುಕ್ಕಮ್ಮ, "ನಿಂದರಸ್ರಿ" ಎಂದಳು. ಪಾನ್ ಅಂಗಡಿಯೊಂದರ ಮುಂದೆ ಇಳಿದು ಒಂದು ಕಟ್ಟು ಹಸಿ ಎಲೆ ತಗೊಂಡು, ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಬೀರಪ್ಪ ಬದುಕುತ್ತಾರೋ ಇಲ್ಲವೋ ಎಂಬುದೇ ಎಲ್ಲರ ಮನಸ್ಸಿನಲ್ಲಿತ್ತು.

ಆಸ್ಪತ್ರೆಯ ನರ್ಸ್ ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ಬಿಡುವುದಿಲ್ಲ ಎಂದಳು. ಅವಳದೂ ತಪ್ಪಲ್ಲ. ನಾನು ಕೈ ಮುಗಿದು, "ಒಬ್ಬೊಬ್ಬರನ್ನೇ ಬಿಡವ್ವಾ, ಮಾತಾಡೂದಿಲ್ಲ, ಬರೇ ಮುಟ್ಟಿ ಹೋಗ್ತಾರ" ಎಂದೆ. ಮೆಟ್ಟಿಲ ಮೇಲೆ ಸಾಲು ನಿಂತಿತು. ನಾನು ಮೊದಲು ಒಳಗೆ ಹೋದೆ. ಮೂಗಿಗೆ ನಳಿಕೆ, ಹೆಗಲ ಮೇಲೆ ಕಂಬಳಿಯಿಲ್ಲ. ಕಂಬಳಿಯಿಲ್ಲದ ಬೀರಪ್ಪ ಬೇರೆ ಯಾರೋ ಅನಿಸಿದರು. ಹೆಂಡತಿ ಲಕ್ಷ್ಮವ್ವ ಕಾಲ ಹತ್ತಿರ ಕೂತಿದ್ದಳು.

"ಬೀರಪ್ಪಣ್ಣ, ನಿಮ್ಮ ಮಂದಿ ಎಲಿ ತಗೊಂಡು ಬಂದಾರ್ರಿ" ಎಂದೆ.

ಅವರು ಬಾಗಿಲ ಕಡೆ ನೋಡಿದರು. ಆಮೇಲೆ, "ಫೋನ್ನ್ಯಾಗ ಹೇಳಿ ತಪ್ಪು ಮಾಡ್ದೆ ಬಾಯಿ. ಸಾಹೇಬ್ರು ಗಡಿಬಿಡಿ ಮಾಡಿದ್ರು" ಅಂದರು.

"ಶಿವಶರಣಪ್ಪಗ ಹಾಕಂತ ಹೇಳಿದ್ರೇನ್ರಿ?"

ಅವರ ಕಣ್ಣು ಅಗಲವಾದವು. "ನಾನು? ಹಿಂದ ಸರದೇನಿ ಅಂದೆ. ಯಾರಿಗಿ ಹಾಕಂತ ನಾ ಅಂದಿಲ್ಲ. ನನ್ನ ಮಂದೀನ ನಾ ಇನ್ನೊಬ್ಬರ ಕೊಟಗ್ಯಾಗ ಕಟ್ಟಿ ಬರ್ಲೇನು?"

ಅಂಗೈ ಚಾಚಿದರು. ಒಬ್ಬೊಬ್ಬರೇ ಬಂದರು. ಎಲೆ ಇಟ್ಟರು. ಪ್ರತಿಯೊಬ್ಬರಿಗೂ ಬೀರಪ್ಪ ಒಂದೇ ಮಾತು ಹೇಳಿದರು: "ಬಿಟ್ಟೇನಿ, ಹೋಗು." ಕೆಲವರು ಬಂದಾಗ ಅವರಿಗೆ ಆ ಎರಡು ಮಾತಿಗೂ ಉಸಿರು ಸಾಲಲಿಲ್ಲ, ಬರೀ ತಲೆ ಅಲ್ಲಾಡಿಸಿದರು. ಕೊನೆಗೆ ತುಕ್ಕಮ್ಮ ಬಂದಳು. ಎಲೆ ಇಟ್ಟವಳು ಕೈ ಹಿಂದಕ್ಕೆ ತೆಗೆಯಲಿಲ್ಲ. "ನಾ ಇಡ್ಲಿಕ್ಕಿ ಬಂದಿಲ್ಲಣ್ಣ, ನಿನ್ನ ನೋಡ್ಲಿಕ್ಕಿ ಬಂದೀನಿ" ಎಂದು ಅತ್ತಳು. ಬೀರಪ್ಪ ಅವಳ ಕೈ ತಟ್ಟಿ, "ಐದು ಹೊಡಿಯೂದ್ರಾಗ ಮುಟ್ಟು, ಹುಚ್ಚಿ" ಅಂದರು.

ಅವರು ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಆ ವಾರವೇ ಹೋದರು. ಮಣ್ಣು ಮಾಡಿದ ಮೇಲೆ ನಾನು ಅವರ ಮನೆಗೆ ಹೋದಾಗ ಲಕ್ಷ್ಮವ್ವನನ್ನು ಕೇಳಿದೆ, ಆ ಎಲೆಗಳೆಲ್ಲ ಏನಾದವು ಎಂದು. "ಊರಿಗಿ ಕಳಿಸಿ ಕುರಿಗಿ ಹಾಕ್ಸಿದೆ. ಅವನೇ ಹಾಕಂದ. ಮುಗದ ಮಾತು ಇಟ್ಕೊಂಡು ಏನ್ ಮಾಡೂದು ಅಂದ" ಎಂದಳು. ಎಷ್ಟು ದೊಡ್ಡ ಮನುಷ್ಯ ಎಂದು ನನಗೆ ಆಗ ಅನಿಸಿತು. ಅವರಿದ್ದಾಗ ಹೇಳಬೇಕಿತ್ತು.

ಇರಲಿ, ಅಂದಿನ ಮಾತಿಗೆ ಬರುತ್ತೇನೆ. ತಿರುಗಿ ಬರುವಾಗ ಹೆದ್ದಾರಿಯಲ್ಲಿ ಒಂದು ಕಬ್ಬಿನ ಲಾರಿ ಅಡ್ಡ ಮಗುಚಿ ಬಿದ್ದಿತ್ತು. ವಾಹನಗಳ ಸಾಲು. ನಾವು ಮಂಗಲ ಕಾರ್ಯಾಲಯಕ್ಕೆ ಮುಟ್ಟಿದಾಗ ಐದು ದಾಟಿ ಹೋಗಿತ್ತು. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಖಾಲಿ ಕುರ್ಚಿ ನೋಡಬೇಕಾಗುತ್ತದೆ ಎಂದುಕೊಂಡೇ ಒಳಗೆ ಕಾಲಿಟ್ಟೆ. ಒಬ್ಬರೂ ಎದ್ದಿರಲಿಲ್ಲ.

ವೀಕ್ಷಕರು ಕಾಗದಗಳನ್ನು ಚೀಲಕ್ಕೆ ಹಾಕುತ್ತಿದ್ದರು. "ಸಮಯ ಮೀರಿದೆ. ಹೆಸರು ಬಂದಿಲ್ಲ. ನಿಯಮದ ಪ್ರಕಾರ ರಾಜ್ಯ ಕಚೇರಿ ತೀರ್ಮಾನ ಮಾಡುತ್ತೆ" ಎಂದರು.

ನಾನು ಮೈಕ್ ಹಿಡಿದೆ. "ಬೀರಪ್ಪನವರು ಎಲೆ ವಾಪಸು ತಗೊಂಡಿದ್ದಾರೆ. ಯಾರಿಗೆ ಮತ ಹಾಕಬೇಕು ಎಂದು ಅವರು ಹೇಳಿಲ್ಲ. ಆಗಲೂ ಹೇಳಿರಲಿಲ್ಲ" ಎಂದಷ್ಟೇ ಹೇಳಿ ಇಳಿದೆ.

ಇಡೀ ಸಭೆ ವೀಕ್ಷಕರನ್ನು ನೋಡಿತು. ಅವರು ಫೋನ್ ನೋಡಿಕೊಂಡರು. ನಾನು ಮಾತ್ರ ಶಿವಶರಣಪ್ಪನವರನ್ನು ನೋಡುತ್ತಿದ್ದೆ. ಅವರು ಸುಮ್ಮನೆ ಕೂತರೆ ಸಾಕಿತ್ತು. ನೇಮಕ ಅವರದೇ. ಮತಕ್ಕೆ ಹೋದರೆ, ಬಿಡುಗಡೆಯಾದ ಮಂದಿ ಎತ್ತ ತಿರುಗುತ್ತಾರೋ ದೇವರಿಗೇ ಗೊತ್ತು. ಅವರ ಪಕ್ಕದವರು ಕಿವಿಯಲ್ಲಿ ಏನೋ ಹೇಳಿದರು. ಶಿವಶರಣಪ್ಪ ಆ ಮನುಷ್ಯನ ಕೈ ಸರಿಸಿ ಎದ್ದು ನಿಂತರು.

"ಸಾಹೇಬ್ರ, ಗಡಿಯಾರ ನಿಮ್ದಿರಬಹುದು. ಸಭಾ ನಮ್ದು. ಬಾಯಿ, ಚೀಟಿ ಹಂಚ್ರಿ."

"ಯೋಚನೆ ಮಾಡಿ ಶಿವಶರಣಪ್ಪನವರೇ..."

"ಮಾಡೇನ್ರಿ. ನಾಳಿ ಇದೇ ಮಂದಿ ಮುಂದ ಬಂದು ಕೂಡಾಂವ ನಾನು. ನೇಮಕದ ಕಾಗದ ಹಿಡ್ಕೊಂಡು ಹ್ಯಾಂಗ ಕೂಡ್ಲಿ? ಹಂಚ್ರಿ ಅಂದ್ನಲ್ಲ."

ಒಬ್ಬ ಸ್ಪರ್ಧಿಯೇ ಹಾಗೆ ಅಂದ ಮೇಲೆ ಇನ್ನೊಬ್ಬರಿಗೆ ಬೇಡ ಎನ್ನಲು ಬರಲಿಲ್ಲ. ರಾಜಶೇಖರ ವಕೀಲರೂ ಎದ್ದು, "ನಮ್ಮದೂ ಒಪ್ಪಿಗಿ ಅದ" ಅಂದರು. ಸಭೆ ಕೈ ಎತ್ತಿತು, ಒಂದು ಕೈಯೂ ಕೆಳಗಿರಲಿಲ್ಲ. ವೀಕ್ಷಕರು ಚೀಲದಿಂದ ಕಾಗದ ಮತ್ತೆ ಹೊರಗೆ ತೆಗೆದರು.

ಮೂರನೇ ಸುತ್ತಿನಲ್ಲಿ ಬೀರಪ್ಪನ ಮಂದಿ ಎರಡೂ ಕಡೆ ಹಂಚಿ ಹೋದರು. ಹೆಚ್ಚಿನವರು ವಕೀಲರ ಕಡೆ. ರಾಜಶೇಖರ ಗೆದ್ದರು. ಶಿವಶರಣಪ್ಪ ಸೋತರು.

ಕೂಗು, ಗುಲಾಲು, ಹಾರ ಎಲ್ಲ ಆಯಿತು. ಅದನ್ನು ಬರೆಯುವುದಿಲ್ಲ, ಗೆದ್ದವರ ಕಡೆ ಅದು ಎಲ್ಲೆಲ್ಲೂ ಒಂದೇ ಥರ. ನಾನು ನೋಡಿದ್ದು ಸೋತವರ ಕಡೆಯವರನ್ನು. ಹಲ್ಲು ಕಚ್ಚಿಕೊಂಡು ಹೊರಡುತ್ತಿದ್ದರು. "ನಾವು ಕೊಟ್ಟ ಮಾತು ಶಿವಶರಣಪ್ಪಗ. ವಕೀಲನ ಕೈಯಾಗ ಕೆಲಸ ಮಾಡೂದಿಲ್ಲ" ಎಂದು ಒಬ್ಬ ಜೋರಾಗಿಯೇ ಅಂದ. ಅರ್ಧ ಪಕ್ಷ ಆ ಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಬಾಗಿಲ ಬಳಿ, ಪಂತರ ರೂಢಿಯಂತೆ ಬೆಳಿಗ್ಗೆ ನಾನೇ ಹಾಕಿಸಿದ ಕುರ್ಚಿ, ಹೋಗುವವರಿಗೆ ಎದುರಾಗಿ, ಖಾಲಿ. ಆಗ ನನಗೆ ತಿಳಿಯಿತು, ಪಂತರು ಇಷ್ಟು ವರ್ಷ ಯಾರಿಗಾಗಿ ಕಾದಿದ್ದರು ಎಂದು.

ಶಿವಶರಣಪ್ಪನವರ ಹತ್ತಿರ ಹೋಗಿ ಹೇಳಿದೆ: "ಆ ಕುರ್ಚಿ ನಿಮಗರಿ."

ಅವರು ಕುರ್ಚಿ ನೋಡಿದರು, ಹೊರಡುತ್ತಿದ್ದ ತಮ್ಮ ಮಂದಿಯನ್ನು ನೋಡಿದರು. ಆಮೇಲೆ ನಡೆದು ಹೋಗಿ ಬಾಗಿಲಲ್ಲಿ ನಿಂತು ಅಂಗೈ ಚಾಚಿದರು.

ಮೊದಲು ಬಂದವನು ಅವರದೇ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಹಳೆಯ ಮುನೀಮ. ಚಾಚಿದ ಕೈ ನೋಡಿ ಗಾಬರಿಯಾದ. "ನನ್ನ ಹಂತೇಲಿ ಎಲಿ ಇಲ್ಲಲ್ರಿ ಧಣಿ. ನೀವು ಕೊಟ್ಟಿದ್ದು ಮಿಠಾಯಿ" ಎಂದ. ಶಿವಶರಣಪ್ಪನವರ ಮುಖ ಸಣ್ಣದಾಯಿತು. ಆದರೂ ಕೈ ಕೆಳಗಿಳಿಸಲಿಲ್ಲ.

ಆಗ ತುಕ್ಕಮ್ಮ ಬಂದಳು. ಅವರ ಪಕ್ಕಕ್ಕೆ ನಿಂತು, ಸೆರಗಿನ ಗಂಟು ಬಿಚ್ಚಿದಳು. ಬೀರಪ್ಪನಿಗೆ ಇಟ್ಟು ಉಳಿದ ಎಲೆಗಳು ಅದರಲ್ಲಿದ್ದವು. ಬಿಸಿಲಿಗೆ ಸ್ವಲ್ಪ ಬಾಡಿದ್ದವು. ಒಂದು ತೆಗೆದು ಮುನೀಮನ ಕೈಗೆ ಕೊಟ್ಟಳು. "ಇಡಪ್ಪಾ. ಇಟ್ಟು ಹಗುರಾಗು" ಎಂದಳು. ಮುನೀಮ ಇಟ್ಟ. ಅವನ ಹಿಂದಿನವನಿಗೂ ಕೊಟ್ಟಳು. ಅವನೂ ಇಟ್ಟ. ಹೊರಗೆ ಹೋಗಿದ್ದವರು ತಿರುಗಿ ಬಂದು ಸಾಲಿನಲ್ಲಿ ನಿಂತರು. ಎಲೆ ತೀರಿದಾಗ ಶಿವಶರಣಪ್ಪ ತಮ್ಮ ಕೈಯಲ್ಲಿದ್ದದ್ದನ್ನೇ ಅವಳಿಗೆ ಹಿಂದಿರುಗಿಸಿದರು, ಅವಳು ಮತ್ತೆ ಹಂಚಿದಳು. ಅಷ್ಟು ಜೋರಿನ ಮನುಷ್ಯ ಅಂದು ದನಿ ತಗ್ಗಿಸಿ, ಪ್ರತಿಯೊಬ್ಬರಿಗೂ, "ಬಿಟ್ಟೇನಿ. ವಕೀಲ್ರ ಕೂಡ ಇರು" ಅನ್ನುತ್ತಿದ್ದರು. ಕಣ್ಣು ತುಂಬಿದ್ದವು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಈಗಲೂ ಹೆಸರು ಆರಿಸುವವರು ಪ್ರತಿನಿಧಿಗಳೇ. ಈಗ ಫೋನಿನಲ್ಲೇ ಮತ ಹಾಕುತ್ತಾರಂತೆ. ಹುಲಸೂರಿನವರು ಹೊಲದಲ್ಲಿ, ಮನ್ನಾಏಖೇಳ್ಳಿಯವರು ಅಂಗಡಿಯಲ್ಲಿ ಕೂತೇ ಹಾಕಬಹುದು. ಕೆಟ್ಟದ್ದು ಅನ್ನುವುದಿಲ್ಲ. ಟೆಂಪೋ ಖರ್ಚು ಉಳಿಯಿತು, ಕೂಗಾಟ ತಪ್ಪಿತು. ಫಲಿತಾಂಶ ಬಂದ ಮೇಲೆ ಸೋತವರು ಎಲ್ಲಿ ನಿಲ್ಲುತ್ತಾರೆ ಎಂದು ಆ ಹುಡುಗಿಯನ್ನು ಕೇಳಿದೆ. ಅವಳು ಫೋನ್ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಅದು ಗೊತ್ತಿಲ್ರಿ ಬಾಯಿ" ಅಂದಳು.

ಗೊತ್ತು ಮಾಡಿಕೋ ಮಗಳೇ. ಗೆಲ್ಲಿಸಲು ಮಂದಿ ಬೇಕಾದಷ್ಟಿದ್ದಾರೆ, ಆ ಕೆಲಸಕ್ಕೆ ನೀನು ಬೇಕಾಗಿಲ್ಲ. ನೀನು ಬಾಗಿಲ ಬಳಿ ಕುರ್ಚಿ ಹಾಕು. ಶಿವಶರಣಪ್ಪನವರು ಅಂದು ಅದರ ಮೇಲೆ ಕೂಡಲಿಲ್ಲ, ಕೊನೆಯವನು ಎಲೆ ಇಟ್ಟು ಹೋಗುವವರೆಗೂ ನಿಂತೇ ಇದ್ದರು. ಆದರೂ ಹಾಕು.